2-10 ಬಳೆ ಜರ್ಮನಿಗೆ ಹೋಗಿ 2.1 ಆಯ್ತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಬಳೆ ಮಾಡಿಕೊಟ್ಟ ಚಾಚಾನದ್ದಲ್ಲ, ತರಿಸಿಕೊಂಡ ಜರ್ಮನಿಯವರದ್ದೂ ಅಲ್ಲ. ಸ್ವಲ್ಪ ಪಾಲು ಎಕ್ಸೆಲ್ ತಲೆಗೆ ಕಟ್ಟಬಹುದು. ಆದರೆ ಅದು ನುಂಗಿದ್ದು ನಾನು ಟೈಪ್ ಮಾಡಿ ನೋಡದೇ ಬಿಟ್ಟ ಸೊನ್ನೆಯನ್ನೇ ಅಲ್ವಾ.

ನಮ್ಮದು ಬೀದರ್. ಅಪ್ಪ ಬಳೆ ಅಂಗಡಿ ಇಟ್ಟಿದ್ದರು, ಈಗ ಅವ್ವ ನೋಡಿಕೊಳ್ಳುತ್ತಾಳೆ. ಅದೇ ಅಂಗಡಿಯಲ್ಲಿ ಒಂದು ಗಾಜಿನ ಕಪಾಟು ನನ್ನದು. ಅದರಲ್ಲಿ ಬಿದ್ರಿ ಸಾಮಾನು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂರಿಸಿ ಮಾಡಿದ್ದು: ಹೂದಾನಿ, ಪೆನ್ ಸ್ಟ್ಯಾಂಡ್, ಕಿವಿಯೋಲೆ, ಬಳೆ. ಫೋಟೊ ತೆಗೆದು ಫೋನಿನಲ್ಲಿ ಹಾಕುತ್ತೇನೆ, ಪುಣೆ, ಬೆಂಗಳೂರು, ಹೈದರಾಬಾದಿನಿಂದ ಆರ್ಡರ್ ಬರುತ್ತವೆ. 2023ರಲ್ಲಿ ನಮ್ಮೂರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದ ಮೇಲೆ ಬಿದ್ರಿ ಅಂದರೇನು ಅಂತ ಕೇಳುವವರು ಜಾಸ್ತಿಯಾದರು, ಕೇಳಿದವರಲ್ಲಿ ಕೆಲವರು ಕೊಂಡರು ಕೂಡ. ಹಾಗೆ ಕೇಳಿದವರಲ್ಲಿ ಒಬ್ಬರು ಜರ್ಮನಿಯಲ್ಲಿ ಸಣ್ಣ ಒಡವೆ ಅಂಗಡಿ ಇಟ್ಟವರು. ನೂರು ಬಳೆ ಬೇಕು, ಅಳತೆ ಮತ್ತು ರೇಟಿನ ಪಟ್ಟಿ ಕಳಿಸಿ ಅಂದರು.

ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ರಫ್ತು! ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಯಾವತ್ತೋ ಆನ್‌ಲೈನಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿ ಇಟ್ಟಿದ್ದೆ, ಸುಮ್ನೆ, ಇರಲಿ ಅಂತ. ಅದು ಕೆಲಸಕ್ಕೆ ಬಂತು ಅಂದುಕೊಂಡು ಎದ್ದು ಕೂತು ಪಟ್ಟಿ ಮಾಡತೊಡಗಿದೆ.

ಇಲ್ಲಿ ಬಳೆಯ ಸೈಜ್ ಬಗ್ಗೆ ಒಂದು ಮಾತು. ಬಳೆ ಹಾಕುವ ಎಲ್ಲರಿಗೂ ತಮ್ಮ ಸೈಜ್ ಗೊತ್ತು, ಎರಡು ನಾಲ್ಕು, ಎರಡು ಆರು, ಎರಡು ಎಂಟು ಅಂತ. ಅದರ ಅರ್ಥ ಎಷ್ಟು ಜನಕ್ಕೆ ಗೊತ್ತು? ನನಗೇ ಸರಿಯಾಗಿ ಗೊತ್ತಿರಲಿಲ್ಲ, ಬಳೆಗಾರರ ಮಗಳಾಗಿಯೂ. ಎರಡು ನಾಲ್ಕು ಅಂದರೆ ಬಳೆಯ ಒಳಗಿನ ಅಗಲ ಎರಡು ಇಂಚು, ಅದರ ಮೇಲೆ ಒಂದು ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು. ಅಂದರೆ ಎರಡೂಕಾಲು ಇಂಚು. ಎರಡು ಎಂಟು ಅಂದರೆ ಎರಡೂವರೆ. ಎರಡು ಹತ್ತು ಅಂದರೆ ಎರಡೂವರೆಗಿಂತ ಇನ್ನೆರಡು ಪಾಲು ಜಾಸ್ತಿ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಮಾತ್ರ ಆಣೆ ಮರೆತು ಬಳೆಯಲ್ಲಿ ಅದರ ಲೆಕ್ಕ ಉಳಿಸಿಕೊಂಡಿದ್ದೇವೆ.

ಎಕ್ಸೆಲ್‌ನಲ್ಲಿ 2-4 ಅಂತ ಹೊಡೆದೆ. ಅದು ಏಪ್ರಿಲ್ 2 ಅಂತ ಮಾಡಿತು. 2-10 ಹೊಡೆದರೆ ಅಕ್ಟೋಬರ್ 2, ಗಾಂಧಿ ಜಯಂತಿ. ಎರಡು ಸಲ ಅಳಿಸಿದೆ, ಎರಡು ಸಲವೂ ತಾರೀಖೇ ಬಂತು. ರಾತ್ರಿ ಹನ್ನೊಂದಾಗಿತ್ತು, ತಲೆ ಕೆಟ್ಟು ಅಡ್ಡಗೆರೆ ತೆಗೆದು ಚುಕ್ಕಿ ಇಟ್ಟೆ: 2.4, 2.6, 2.8, 2.10. ಈ ಸಲ ಸುಮ್ಮನಾಯಿತು. ಕೊನೆಯದರ ಸೊನ್ನೆ ಹಾರಿಹೋಗಿ 2.1 ಆಗಿದ್ದನ್ನು ನಾನು ನೋಡಲೇ ಇಲ್ಲ. ಮೇಲೆ ದೊಡ್ಡದಾಗಿ 'ಸೈಜ್, ಇಂಚುಗಳಲ್ಲಿ' ಅಂತ ಬೇರೆ ಬರೆದೆ. ಪರದೇಶದವರಿಗೆ ಸ್ಪಷ್ಟವಾಗಿರಲಿ ಅಂತ!

ಪಾಪ, ಅವರು ಅದನ್ನು ಸರಿಯಾಗಿಯೇ ಓದಿದರು. 2.1 ಇಂಚನ್ನು 25.4ರಿಂದ ಗುಣಿಸಿದರೆ 53 ಮಿಲಿಮೀಟರ್. 2.4 ಅಂದರೆ 61. 2.6 ಅಂದರೆ 66. 2.8 ಅಂದರೆ 71, ಅದು ತೀರಾ ದೊಡ್ಡದು ಅಂತ ಬಿಟ್ಟರು. ಐವತ್ತು 2.4, ಮೂವತ್ತೈದು 2.6, ಹದಿನೈದು 2.1 ಅಂತ ಆರ್ಡರ್ ಬಂತು. ನಾನು 2.1 ನೋಡಿ 'ಓ, ಎರಡು ಹತ್ತು' ಅಂತ ಮನಸ್ಸಿನಲ್ಲೇ ಓದಿಕೊಂಡೆ. ಕಣ್ಣು ಎಷ್ಟು ಸಲೀಸಾಗಿ ಮೋಸ ಮಾಡುತ್ತದೆ ನೋಡಿ. ತೆಳ್ಳಗಿನ ಕೈಯವರಿಗೆ ಅಂತ ಅವರು ಕೇಳಿದ ಅತಿ ಚಿಕ್ಕ ಬಳೆ ನನ್ನ ಲೆಕ್ಕದಲ್ಲಿ ಅತಿ ದೊಡ್ಡದಾಗಿತ್ತು.

ಚಾಚಾನ ಕಾರ್ಖಾನೆ ಅಂದರೆ ಮನೆಯ ಮುಂದಿನ ಕೋಣೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ ಎರಕ ಹೊಯ್ಯುತ್ತಾರೆ. ಆಮೇಲೆ ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡುತ್ತಾರೆ. ಅದು ಬರೀ ಗೆರೆ ಕಾಣಲಿ ಅಂತ ಹಚ್ಚುವ ಕಪ್ಪು. ಅದರ ಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಬಿಸಿ ಬಳೆಗೆ ಉಜ್ಜಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಷ್ಟು ಸಲ ನೋಡಿದರೂ ಆ ಕೊನೆಯ ಉಜ್ಜುವಿಕೆ ಮುಗಿದು ಬೆಳ್ಳಿ ಮೇಲೆ ಬರುವಾಗ ನಾನು ಮಾತು ನಿಲ್ಲಿಸುತ್ತೇನೆ.

ನೂರು ಬಳೆಗೆ ಎರಡು ತಿಂಗಳು ಹಿಡಿಯಿತು. ರಟ್ಟಿನ ಡಬ್ಬಿ ತಂದೆ. ಡಬ್ಬಿ ಮಾರುವವನದ್ದು ಇಂಚಿನ ಲೆಕ್ಕ, ಹನ್ನೆರಡು ಹತ್ತು ಎಂಟು ಅಂತ. ಕೊರಿಯರ್‌ನವರ ಫಾರ್ಮಿನಲ್ಲಿ ಸೆಂಟಿಮೀಟರ್. ನಾನು 12, 10, 8 ಅಂತಲೇ ತುಂಬಿದ್ದೆ. ಕೌಂಟರಿನ ಹುಡುಗ ಒಮ್ಮೆ ಡಬ್ಬಿ ನೋಡಿದ, ಒಮ್ಮೆ ಫಾರ್ಮ್ ನೋಡಿದ, 'ಅಕ್ಕಾ, ಇದು ಬೆಂಕಿಪೊಟ್ಟಣ ಇಡೋ ಡಬ್ಬಿ ಆಯ್ತಲ್ರೀ' ಅಂತ ನಕ್ಕು 30, 25, 20 ಅಂತ ತಿದ್ದಿದ. ಬಳೆಗಳ ತೂಕವೇ ಜಾಸ್ತಿ ಇದ್ದುದರಿಂದ ಬಿಲ್ ಏನೂ ಬದಲಾಗಲಿಲ್ಲ, ನಾನೂ ನಕ್ಕೆ. ಆ ನಗುವಿನಲ್ಲಿ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಹದಿನೆಂಟು ದಿನದ ಮೇಲೆ ಒಂದು ಫೋಟೊ ಬಂತು. ಬಿಳಿ ಮೇಜು, ಅದರ ಮೇಲೆ ನಮ್ಮ ಬಳೆ, ಬಳೆಯೊಳಗೆ ಅಗಲ ಅಳೆಯುವ ಸ್ಟೀಲಿನ ಕ್ಯಾಲಿಪರ್, ಅದರ ಸಣ್ಣ ಪರದೆಯಲ್ಲಿ 57.1. ಕೆಳಗೆ ಒಂದೇ ಸಾಲು: ನಾವು 61 ಕೇಳಿದ್ದೆವು, ಇದು ಯಾರ ಕೈಗೂ ಹೋಗುತ್ತಿಲ್ಲ. ಇನ್ನೊಂದು ಫೋಟೊದಲ್ಲಿ 2.1 ಅಂತ ಚೀಟಿ ಅಂಟಿಸಿದ ಬಳೆ, ಪರದೆಯಲ್ಲಿ 66.7. ಅದರ ಕೆಳಗೆ ಮೂರು ಪ್ರಶ್ನೆ ಚಿಹ್ನೆ, ಅಷ್ಟೇ.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಗಾಜಿನ ಬಳೆಯಾಗಿದ್ದರೆ ಬೇರೆ ಡಜನ್ ಕಳಿಸಬಹುದಿತ್ತು. ಬಂಗಾರದ್ದಾಗಿದ್ದರೆ ಅಕ್ಕಸಾಲಿಗ ಹಿಗ್ಗಿಸಿ ಕೊಡುತ್ತಿದ್ದ. ಬಿದ್ರಿ ಹಿಗ್ಗುವುದಿಲ್ಲ, ಬಾಗಿಸಲು ಹೋದರೆ ಚಟ್ ಅಂತ ಮುರಿಯುತ್ತದೆ. ಚಾಚಾನ ಕೂಲಿ ಕೊಟ್ಟಾಗಿತ್ತು, ಬೆಳ್ಳಿಯ ದುಡ್ಡು ಕೊಟ್ಟಾಗಿತ್ತು. ವಾಪಸ್ ತರಿಸಿಕೊಂಡರೆ ಸಾಗಣೆ ಖರ್ಚು ಬೇರೆ, ಕಸ್ಟಮ್ಸ್‌ನಲ್ಲಿ 'ಇದು ನಮ್ಮದೇ ಮಾಲು, ತಿರುಗಿ ಬಂದಿದೆ' ಅಂತ ತೋರಿಸುವ ಕಾಗದ ಬೇರೆ.

ಫೋನ್ ಹಿಡಿದುಕೊಂಡು ಚಾಚಾನ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ ಫೋಟೊ ನೋಡಿದರು.

'ಇದು ಎರಡು ನಾಲ್ಕೇ ಅದ ಬೇಟಿ. ನಂದೇನ್ ತಪ್ಪು?'

'ನಿಮ್ಮದಲ್ಲ ಚಾಚಾ. ಅವರು ಎರಡು ಪಾಯಿಂಟ್ ನಾಲ್ಕು ಅಂದ್ಕೊಂಡಾರ.'

'ಪಾಯಿಂಟ್ ಎಲ್ಲಿಂದ ಬಂತು?'

ನಾನು ಉತ್ತರ ಕೊಡಲಿಲ್ಲ. ಅವರು ಗೂಡಿನಿಂದ ಒಂದು ತುಕ್ಕು ಹಿಡಿದ ಕಬ್ಬಿಣದ ಪಟ್ಟಿ ತೆಗೆದರು, ಒಂದಡಿ ಸ್ಕೇಲು. ಅದರಲ್ಲಿ ಇಂಚಿಗೆ ಎಂಟು ಗೆರೆ. ಒಂದು ಗೆರೆಗೆ ಒಂದು ಸೂತ್, ಬಡಗಿಗಳೂ ಅದನ್ನೇ ಹೇಳುವುದು. ಚಾಚಾನ ಲೆಕ್ಕದಲ್ಲಿ ಎರಡು ನಾಲ್ಕು ಅಂದರೆ ಎರಡು ಇಂಚು ಎರಡು ಸೂತ್. ಹೆಬ್ಬೆರಳಿನ ಉಗುರನ್ನು ಆ ಗೆರೆಯ ಮೇಲಿಟ್ಟು ನನಗೆ ತೋರಿಸಿದರು. ಅದೇ ಪಟ್ಟಿಯ ಇನ್ನೊಂದು ಅಂಚಿನಲ್ಲಿ ಸೆಂಟಿಮೀಟರ್ ಗೆರೆಗಳೂ ಇದ್ದವು, ಅವು ಸ್ವಲ್ಪವೂ ಸವೆದಿರಲಿಲ್ಲ.

ಮನೆಗೆ ಬಂದು ಎರಡು ಪಟ್ಟಿ ಪಕ್ಕಪಕ್ಕದಲ್ಲಿ ಬರೆದೆ. ಅವರು ಕೇಳಿದ್ದು: 61ರ ಐವತ್ತು, 66ರ ಮೂವತ್ತೈದು, 53ರ ಹದಿನೈದು. ನಾನು ಕಳಿಸಿದ್ದು: 57ರ ಐವತ್ತು, 60.3ರ ಮೂವತ್ತೈದು, 66.7ರ ಹದಿನೈದು. ಒಂದು ಹೊತ್ತು ಅದನ್ನೇ ನೋಡುತ್ತಾ ಕೂತಾಗ ಹೊಳೆಯಿತು, ಬಳೆ ತಪ್ಪಿಲ್ಲ, ಚೀಟಿ ತಪ್ಪಿದೆ. ನಮ್ಮ ಎರಡು ಆರು ಅವರ 61ಕ್ಕೆ ಹತ್ತಿರವೇ ಇದೆ. ನಮ್ಮ ಎರಡು ಹತ್ತು ಅವರ 66ಕ್ಕೆ ಹತ್ತಿರ. ಒಂದು ಮಿಲಿಮೀಟರ್ ಆಚೆ ಈಚೆ ನಡೆಯುತ್ತದಾ ಅಂತ ಕೇಳಿದೆ. ನಡೆಯುತ್ತದೆ, ಕೈಯಲ್ಲಿ ಮಾಡಿದ್ದು ಅಂತ ಗೊತ್ತು ಅಂದರು. ಆ ಒಂದು ಸಾಲು ಓದಿ ಅರ್ಧ ಜೀವ ವಾಪಸ್ ಬಂತು.

ಚೀಟಿ ಬದಲಿಸಿದರೆ ಐವತ್ತು ಬಳೆ ದಡ ಸೇರಿದವು. 57ರಲ್ಲಿ ಹದಿನೈದನ್ನು ಅವರು ತೆಳ್ಳಗಿನ ಕೈಯವರಿಗೆ ಅಂತ 53ರ ಬದಲು ಇಟ್ಟುಕೊಂಡರು. ಉಳಿದದ್ದು 57ರ ಮೂವತ್ತೈದು. ಅವನ್ನು ಅಲ್ಲೇ ಅಗ್ಗಕ್ಕೆ ಮಾರಿ, ಬಂದಷ್ಟು ನನ್ನ ಲೆಕ್ಕಕ್ಕೆ ಹಾಕಿ ಅಂದೆ. ಕಡಿಮೆ ಬಿದ್ದ 61ರ ಹದಿನೈದು, 66ರ ಇಪ್ಪತ್ತು ಹೊಸದಾಗಿ ಮಾಡಿಸಿ, ಸಾಗಣೆ ನನ್ನ ಕೈಯಿಂದ ಹಾಕಿ ಕಳಿಸುವುದು ಅಂತ ತೀರ್ಮಾನವಾಯಿತು. ಒಟ್ಟು ಲಾಭ ಹೋಯಿತು, ಮೇಲೆ ಸ್ವಲ್ಪ ಕೈಯಿಂದಲೂ ಹೋಯಿತು. ತಮಾಷೆ ಅಂದರೆ ಈ 2-4 ಸೈಜೇ ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುವುದು. ಇಲ್ಲೇ ಇದ್ದಿದ್ದರೆ ದಸರಾಕ್ಕೆ ಮುಂಚೆ ಖಾಲಿ ಆಗುತ್ತಿತ್ತು.

ಹೊಸ ಮೂವತ್ತೈದು ಬಳೆ ಮಾಡುವಾಗ ಚಾಚಾನ ಅಚ್ಚು ಬದಲಾಗಲಿಲ್ಲ. ಅವೇ ಎರಡು ಆರು, ಎರಡು ಹತ್ತು. 'ಅಂದ್ರ ಬಳಿ ಅವೇ, ಹೆಸರಷ್ಟೇ ಬ್ಯಾರೆ?' ಅಂತ ಎರಡು ಸಲ ಕೇಳಿದರು. ಹೌದು ಅಂದೆ. 'ಇದಕ್ಕೇ ಇಷ್ಟು ರಾದ್ಧಾಂತ!' ಅಂದು ಉಳಿ ಕೈಗೆ ತಗೊಂಡರು.

ನಾನು ಈ ಸಲ ಡಿಜಿಟಲ್ ಕ್ಯಾಲಿಪರ್ ತರಿಸಿಕೊಂಡೆ. ಅದರಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಮಿಲಿಮೀಟರ್, ಇನ್ನೊಮ್ಮೆ ಒತ್ತಿದರೆ ಇಂಚು. ಆ ಗುಂಡಿಯ ಮೇಲೆ ಮೊದಲ ದಿನವೇ ಟೇಪ್ ಅಂಟಿಸಿದೆ. ಬಳೆಗಳನ್ನು ಒಂದೊಂದಾಗಿ ಅಳೆಯುವಾಗ ಇನ್ನೊಂದು ವಿಷಯ ಗೊತ್ತಾಯಿತು: ಕೈಯಲ್ಲಿ ಅರ ಹಾಕಿದ ಬಳೆ ಪೂರ್ತಿ ಗುಂಡಗಿರುವುದಿಲ್ಲ. ಹೀಗೆ ಹಿಡಿದರೆ 60.1, ಸ್ವಲ್ಪ ತಿರುಗಿಸಿದರೆ 60.5. ಯಾವುದನ್ನು ಬರೆಯುವುದು? ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದೆ. ಕೈ ಸಿಕ್ಕಿಕೊಳ್ಳುವುದು ಅಲ್ಲೇ ತಾನೇ.

ಅಷ್ಟರಲ್ಲಿ ಅವರು ಇನ್ನೊಂದು ಕೇಳಿದರು, ಒಂದು ಬಳೆಯಲ್ಲಿ ಬೆಳ್ಳಿ ಎಷ್ಟಿದೆ? ಚಾಚಾನನ್ನು ಕೇಳಿದರೆ 'ಎರಡು ಮಾಶಾ ಹಿಡೀತದ' ಅಂದರು. ಹನ್ನೆರಡು ಮಾಶಾಕ್ಕೆ ಒಂದು ತೊಲ. ಸರಿ, ಆದರೆ ಯಾವ ತೊಲ? ಹಳೆಯ ತೊಲ 11.66 ಗ್ರಾಂ. ಈಗ ನಮ್ಮ ಕಡೆ ಸರಾಫರ ಅಂಗಡಿಯಲ್ಲಿ ತೊಲ ಅಂದರೆ ಹತ್ತು ಗ್ರಾಂ. ಮೊದಲನೆಯದರಲ್ಲಿ ಎರಡು ಮಾಶಾ 1.94 ಗ್ರಾಂ, ಎರಡನೆಯದರಲ್ಲಿ 1.67. ಒಂದು ಬಳೆಗೆ ಇದು ದೊಡ್ಡದಲ್ಲ. ಬರೆದು ಸಹಿ ಹಾಕಿ ಕೊಡುವ ಕಾಗದದಲ್ಲಿ ದೊಡ್ಡದೇ. ನಾನು ಒಮ್ಮೆ ಸುಟ್ಟುಕೊಂಡವಳು. ಪಕ್ಕದ ಅಕ್ಕಸಾಲಿಗರ ತಕ್ಕಡಿ ಕೇಳಿ ತಂದು, ಕೆಲಸಕ್ಕೆ ಮುಂಚೆ ತಂತಿ ತೂಗಿ, ಮುಗಿದ ಮೇಲೆ ಉಳಿದ ತುಂಡುಗಳನ್ನು ತೂಗಿದೆ. ಐದು ಬಳೆಯ ಸರಾಸರಿ 1.7 ಬಂತು. ಚಾಚಾನ ಮಾಶಾ ಹೊಸ ಮಾಶಾ ಅಂತ ಹಾಗೆ ಗೊತ್ತಾಯಿತು, ಅವರಿಗೂ ಗೊತ್ತಿರಲಿಲ್ಲ.

ನನ್ನ ಗೋಳನ್ನು ಕಲಬುರಗಿಯ ಭಾವನ ಹತ್ತಿರ ಹೇಳಿಕೊಂಡೆ. ಅವರು ದಾಲ್ ಮಿಲ್ಲಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ, ಒಬ್ಬ ರಫ್ತುದಾರರಿಗೆ ತೊಗರಿಬೇಳೆ ಪ್ಯಾಕ್ ಮಾಡಿಕೊಡುತ್ತಾರೆ. 'ನಿಂದು ನೂರು ಬಳಿ. ನಂದು ಕೇಳು' ಅಂತ ಶುರು ಮಾಡಿದರು. ಅಮೆರಿಕಕ್ಕೆ ಹೋಗುವ ಬೇಳೆ ಒಂದು ಕಿಲೋ ಚೀಲದಲ್ಲಿ ಹೋಗುವುದಿಲ್ಲ. ಎರಡು ಪೌಂಡ್, ನಾಲ್ಕು ಪೌಂಡ್. ಎರಡು ಪೌಂಡ್ ಅಂದರೆ 907 ಗ್ರಾಂ ಮತ್ತು ಮೇಲೊಂದು ಚೂರು. ಮೆಷಿನ್ ಗ್ರಾಂ ಲೆಕ್ಕದ್ದು. 907ಕ್ಕೆ ಇಟ್ಟರೆ ಕೆಲವು ಚೀಲ ಕಡಿಮೆ ಬೀಳುತ್ತವೆ ಅಂತ ಇವರು 910ಕ್ಕೆ ಇಡುತ್ತಾರೆ. ಚೀಲಕ್ಕೆ ಮೂರು ಗ್ರಾಂ, ಸಾವಿರ ಚೀಲಕ್ಕೆ ಮೂರು ಕಿಲೋ ಬೇಳೆ ಪುಕ್ಕಟೆ. ಅದಕ್ಕಿಂತ ದೊಡ್ಡ ತಲೆನೋವು ಚೀಲದ ರೋಲು, ಅಂದರೆ ತೂಕ, ಹೆಸರು ಮೊದಲೇ ಅಚ್ಚಾಗಿ ಬರುವ ಚೀಲದ ಹಾಳೆಯ ಸುರುಳಿ. ಅಮೆರಿಕದ ರೋಲು ಬೇರೆ, ನಮ್ಮ ಊರಿನದ್ದು ಬೇರೆ. ಆರ್ಡರ್ ನಿಂತರೆ ಉಳಿದ ರೋಲು ಗೋದಾಮಿನಲ್ಲೇ ಧೂಳು ತಿನ್ನುತ್ತದೆ, ಏಕೆಂದರೆ ಪೌಂಡ್ ಬರೆದ ಆ ಚೀಲವನ್ನು ಇಲ್ಲಿ ಮಾರುವ ಹಾಗಿಲ್ಲ.

ಅದು ನಿಜ. ನಮ್ಮ 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರ ದೇಶದೊಳಗೆ ಮಾಲಿನ ಅಳತೆ ಹೇಳುವುದು ಮೆಟ್ರಿಕ್‌ನಲ್ಲೇ ಆಗಬೇಕು. ಅದೇ ಕಾಯ್ದೆ ರಫ್ತು ಮಾಲಿಗೆ ವಿನಾಯಿತಿ ಕೊಟ್ಟಿದೆ, ಹೊರಗಿನವರು ಪೌಂಡ್ ಕೇಳಿದರೆ ಪೌಂಡ್ ಬರೆಯಬಹುದು. ಅಮೆರಿಕದವರದ್ದು ಇನ್ನೂ ಮಜಾ. ಅಲ್ಲಿನ ಸಂಸತ್ತು 1988ರಲ್ಲೇ ವ್ಯಾಪಾರಕ್ಕೆ ಮೆಟ್ರಿಕ್ಕೇ ಮೇಲು ಅಂತ ಕಾಯ್ದೆಯಲ್ಲಿ ಬರೆದಿಟ್ಟಿತು, ಮಾಡಲೇಬೇಕು ಅಂತ ಮಾತ್ರ ಅನ್ನಲಿಲ್ಲ. ಹಾಗಾಗಿ 1994ರಿಂದ ಅಲ್ಲಿ ಇಂಥ ಪ್ಯಾಕೆಟ್ ಮೇಲೆ ಎರಡೂ ಇರಬೇಕು, ಪೌಂಡ್ ಔನ್ಸೂ ಗ್ರಾಮೂ. ಯುರೋಪಿನವರು ಇದಕ್ಕೆ ಉಲ್ಟಾ ಹೊರಟಿದ್ದರು, 2010ರಿಂದ ಲೇಬಲ್ ಮೇಲೆ ಬರೀ ಮೆಟ್ರಿಕ್ ಇರಬೇಕು, ಬೇರೆ ಯಾವುದೂ ಬೇಡ ಅಂತ. ಹಾಗೆ ಆಗಿದ್ದರೆ ಒಂದೇ ಪ್ಯಾಕೆಟನ್ನು ಎರಡೂ ಕಡೆ ಮಾರಲು ಆಗುತ್ತಿರಲಿಲ್ಲ. ಕೊನೆಗೆ 2009ರಲ್ಲಿ ಅವರೇ ಹಿಂದೆ ಸರಿದು, ಪಕ್ಕದಲ್ಲಿ ಬೇರೆ ಅಳತೆಯೂ ಇರಲಿ ಅಂತ ಬಿಟ್ಟರು. ದೊಡ್ಡ ದೊಡ್ಡ ದೇಶಗಳೇ ಹೀಗೆ ಎಳೆದಾಡಿಕೊಂಡಿವೆ. ರೋಲಿನ ಖರ್ಚು ಮಾತ್ರ ಕಲಬುರಗಿಯ ಮಿಲ್ಲಿನ ಮೇಲೆ ಬೀಳುತ್ತದೆ.

ಇಷ್ಟಾದ ಮೇಲೆ ಇಂಚೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆರು ತಿಂಗಳ ಹಿಂದೆ ಅಮೆರಿಕದಿಂದ ಒಬ್ಬರು ಎಂಟು ಇಂಚಿನ ಹೂದಾನಿ ಕೇಳಿದಾಗ ಚಾಚಾನಿಗೆ ಸ್ಕೇಲೇ ಬೇಕಾಗಲಿಲ್ಲ, ಗೇಣು ಇಟ್ಟು ನೋಡಿಯೇ ಮಾಡಿದರು, ಒಂದು ಸೂತ್ ಕೂಡ ತಪ್ಪಲಿಲ್ಲ. ಇಂಚಿನಲ್ಲಿ ತೊಂದರೆ ಇಲ್ಲ. ಇಂಚನ್ನು ನಾವು ಹದಿನಾರು ಮಾಡುತ್ತೇವೆ, ಕಂಪ್ಯೂಟರ್ ಹತ್ತು ಮಾಡುತ್ತದೆ, ಮಧ್ಯೆ ಇರುವುದು ಒಂದು ಚುಕ್ಕಿ. ನಮ್ಮೊಳಗೆ ಯಾರೂ ಕೇಳದೆ ನಡೆದುಬಂದ ಮಾತು ಅದು. ಊರು ದಾಟಿದ ತಕ್ಷಣ ಯಾರಾದರೂ ಕೇಳುತ್ತಾರೆ.

ಈಗ ನನ್ನ ಪಟ್ಟಿಯಲ್ಲಿ ಮಿಲಿಮೀಟರ್ ಮೊದಲು, ಒಳಗಿನ ಅಗಲ ಅಂತ ಸ್ಪಷ್ಟವಾಗಿ. ಪಕ್ಕದಲ್ಲಿ ಒಂದು ಚಿತ್ರ, ಬಳೆಯ ಒಳಗೆ ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅಂತ ಬಾಣದ ಗುರುತು. ನಮ್ಮ ಸೈಜು ಕೊನೆಯಲ್ಲಿ, ಅದೂ ಆ ಕಾಲಮ್ಮನ್ನು ಮೊದಲೇ ಅಕ್ಷರ ಅಂತ ಗೊತ್ತು ಮಾಡಿ, ಗಾಂಧಿ ಜಯಂತಿ ಬರದ ಹಾಗೆ. ಚಾಚಾನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಂದಿದ್ದೇನೆ: 57, 60, 63, 67, ಎದುರಿಗೆ ಅವರ ಹೆಸರುಗಳು. ಅವರು ಅದರ ಪಕ್ಕದಲ್ಲೇ ಹಾಲಿನ ಲೆಕ್ಕ ಬರೆಯುತ್ತಾರೆ. ಅವ್ವ ಇದ್ಯಾವುದನ್ನೂ ಕಣ್ಣೆತ್ತಿ ನೋಡಿಲ್ಲ. ಗಿರಾಕಿ ಕೈ ಚಾಚಿದರೆ ಬೆರಳುಗಳನ್ನು ಒಟ್ಟಿಗೆ ಸೇರಿಸಿ ಒಮ್ಮೆ ಒತ್ತಿ, 'ಎರಡು ಆರು ಕೊಡು' ಅನ್ನುತ್ತಾಳೆ. ಕ್ಯಾಲಿಪರ್ ಹಿಡಿದು ಅವಳನ್ನು ಸುಳ್ಳು ಮಾಡಲು ಮೂರು ಸಲ ನೋಡಿದೆ, ಆಗಲಿಲ್ಲ.

ಜರ್ಮನಿಯವರು ನನ್ನನ್ನು ಬಿಡಲಿಲ್ಲ, ಅದು ಅವರ ದೊಡ್ಡ ಮನಸ್ಸು. ಹೋದ ತಿಂಗಳು ಮತ್ತೆ ಆರ್ಡರ್ ಕಳಿಸಿದ್ದಾರೆ. ಈ ಸಲ ಮಿಲಿಮೀಟರ್ ಇಲ್ಲ. ನಮ್ಮ ಹಾಗೇ ಅಡ್ಡಗೆರೆ ಹಾಕಿ 2-6 ನಲವತ್ತು, 2-10 ಇಪ್ಪತ್ತು ಅಂತ ಬರೆದು, ಸರಿಯಾಗಿ ಬರೆದೆನಾ ಅಂತ ಕೊನೆಯಲ್ಲಿ ಕೇಳಿದ್ದಾರೆ. ನಾನು ವಾಪಸ್ ಬರೆದೆ: ಸರಿಯಿದೆ, 2-6 ಅಂದರೆ 60 ಮಿಲಿಮೀಟರ್ ತಾನೇ?